ಕೇಳಲು ನಾಚದ ಮದೀನಾದ ಮಹಿಳೆಯರು

ಫಾತಿಮಾ ಬಿಂತ್ ಅಬೀ ಹುಬೈಶ್(ರ) ಅವರಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ನಮಾಝನ್ನು ಬಿಡಬೇಕೇ ಎಂದು ಅವರು ಪ್ರವಾದಿವರ್ಯರನ್ನು(ಸ) ನೇರವಾಗಿ ಕೇಳಿದರು. ಅದು ಮುಟ್ಟಲ್ಲ, ರಕ್ತನಾಳದಿಂದ ಬರುವಂಥದ್ದು. ಮುಟ್ಟಿನ ದಿನಗಳು ಮುಗಿದ ಬಳಿಕ ಶುದ್ಧಿಯಾಗಿ ನಮಾಝ್ ನಿರ್ವಹಿಸಬೇಕು ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಪ್ರಶ್ನೆಯನ್ನು ಅವರು ಗದರಲಿಲ್ಲ. ರೋಗವನ್ನು ರೋಗವೆಂದೇ ಗುರುತಿಸಿದರು. ಧರ್ಮಜ್ಞಾನ ಪಡೆಯಲು ಅನ್ಸಾರ್ ಮಹಿಳೆಯರಿಗೆ ಲಜ್ಜೆ ಅಡ್ಡಿಯಾಗಲಿಲ್ಲವೆಂದು ಹಝ್ರತ್ ಆಯಿಶಾ(ರ) ಅವರನ್ನು ಹೊಗಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ.

ಈ ಪರಂಪರೆ ಮುಂದೆಯೂ ಉಳಿಯಿತು. ಕ್ರಿ.ಶ. 1000ರ ಆಸುಪಾಸಿನಲ್ಲಿ ಕಾರ್ಡೋಬಾದ ವೈದ್ಯ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ, ಸ್ತ್ರೀಯರ ಮೂತ್ರಕೋಶದ ಕಲ್ಲಿನ ಚಿಕಿತ್ಸೆಗೆ ನುರಿತ ಮಹಿಳೆಯನ್ನೇ ಹುಡುಕಬೇಕೆಂದು ಬರೆದರು. ನಮ್ಮ ನಾಡಿನ ಹತ್ತಿರಕ್ಕೆ ಬಂದರೆ, 1885ರಲ್ಲಿ ಡಾ. ಮೇರಿ ಶಾರ್ಲಿಬ್ ಅವರ ಮುಂದಾಳ್ತನದಲ್ಲಿ ಮದ್ರಾಸಿನಲ್ಲಿ ಗೋಷಾ ಸ್ತ್ರೀಯರಿಗೆಂದು ಆಸ್ಪತ್ರೆ ತೆರೆಯಿತು. ಬೆಂಗಳೂರಿನ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನದಿಂದ ಗೋಷಾ ಆಸ್ಪತ್ರೆ ಎದ್ದಿತು. ಪರದೆಯನ್ನು ಕಾಪಾಡಿಕೊಂಡೇ ಚಿಕಿತ್ಸೆ ಪಡೆಯಲು ಹಿರಿಯರು ದಾರಿ ಮಾಡಿಕೊಟ್ಟರು.

ಇನ್ನು ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳತ್ತ ನೋಡೋಣ. ಗುಪ್ತಾಂಗದ ಹೊರಚರ್ಮದಲ್ಲಿ ತುರಿಕೆ, ಉರಿ, ಬಿಳಿ ಮಚ್ಚೆ ಕಂಡರೂ ವರ್ಷಗಟ್ಟಲೆ ಮರೆಮಾಚುವ ತಾಯಂದಿರು ನಮ್ಮಲ್ಲಿದ್ದಾರೆ. ಇಂತಹ ರೋಗಗಳಲ್ಲಿ ಒಂದು ಲೈಕೆನ್ ಸ್ಕ್ಲೆರೋಸಸ್. ವೈದ್ಯರು ಇದನ್ನು 19ನೇ ಶತಮಾನದಲ್ಲೇ ವಿವರಿಸಿದ್ದರು. ಮುಟ್ಟು ನಿಂತ ಸ್ತ್ರೀಯರಲ್ಲಿ ಹೆಚ್ಚು. ಚಿಕ್ಕ ಹೆಣ್ಣುಮಕ್ಕಳಲ್ಲೂ ಬರುತ್ತದೆ. ಇದು ಅಂಟುರೋಗವಲ್ಲ, ನಡತೆಗೆ ಸಂಬಂಧಿಸಿದ್ದೂ ಅಲ್ಲ. ಆದ್ದರಿಂದ ಯಾರೂ ಸಂದೇಹಪಡಬಾರದು. ಚಿಕಿತ್ಸೆಯಿಲ್ಲದಿದ್ದರೆ ಚರ್ಮ ಕುಗ್ಗಿ ಕಲೆಗಟ್ಟುತ್ತದೆ. ಕೆಲವರಲ್ಲಿ ಮಾತ್ರ ಕ್ಯಾನ್ಸರಿಗೂ ತಿರುಗುತ್ತದೆ.

ಇದನ್ನು ತೊನ್ನು ಅಥವಾ ಶಿಲೀಂಧ್ರ ಸೋಂಕು ಎಂದು ತಪ್ಪಾಗಿ ತಿಳಿಯುವುದುಂಟು. ವೈದ್ಯರು ನೋಡಿಯೇ ನಿರ್ಧರಿಸಬೇಕು. ಸಂದೇಹವಿದ್ದರೆ ಚರ್ಮದ ಚಿಕ್ಕ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಕ್ಲೋಬೆಟಸಾಲ್‌ನಂತಹ ಪ್ರಬಲ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಸುಮಾರು 3 ತಿಂಗಳು ಹಚ್ಚಿ, ನಂತರ ಕಡಿಮೆ ಮಾಡುತ್ತಾರೆ. ರೋಗ ಹತೋಟಿಗೆ ಬಂದ ಮೇಲೂ ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಅಂಗಡಿಯಲ್ಲಿ ಕೇಳಿ ತಂದ ಮಿಶ್ರ ಮುಲಾಮು ಅಪಾಯಕಾರಿ. ಸೋಂಕಿದ್ದರೆ ಅದನ್ನು ಉಲ್ಬಣಗೊಳಿಸಬಹುದು. ಶುಚಿತ್ವದ ಹೆಸರಿನಲ್ಲಿ ಸಾಬೂನು, ಡೆಟಾಲ್ ಹಾಕಿ ಉಜ್ಜುವುದೂ ಹಾನಿಕರ. ಇಸ್ತಿಂಜಾಕ್ಕೆ ಶುದ್ಧ ನೀರು ಸಾಕು.

ಲೇಡಿ ಡಾಕ್ಟರ್ ಇದ್ದರೆ ಅವರಲ್ಲಿಗೇ ಹೋಗೋಣ. ತಾಲೂಕಿನಲ್ಲಿ ಸಿಗದಿದ್ದರೆ ಬಾಗಲಕೋಟೆ ದೂರವಲ್ಲ. ಅವರೂ ಸಿಗದಿದ್ದರೆ ಅಗತ್ಯವಿರುವಷ್ಟು ಮಾತ್ರ ವೈದ್ಯರಿಗೆ ತೋರಿಸಲು ಶರೀಅತ್ ಅನುಮತಿಸುತ್ತದೆ. ಪತಿಯಂದಿರೇ, ಪುತ್ರರೇ, ಕಾರಣವನ್ನು ಕೆದಕದೆ ಆಸ್ಪತ್ರೆಗೆ ಜೊತೆಯಾಗಿರಿ. ಹಯಾ ಈಮಾನಿನ ಭಾಗ. ನೋವನ್ನು ಬಚ್ಚಿಡುವುದು ಹಯಾ ಅಲ್ಲವೆಂದು ಮದೀನಾದ ಮಹಿಳೆಯರು ತೋರಿಸಿಕೊಟ್ಟಿದ್ದಾರೆ. ಅಲ್ಲಾಹನು ರೋಗಿಗಳೆಲ್ಲರಿಗೂ ಶಿಫಾ ಕರುಣಿಸಲಿ, ಆಮೀನ್.