ಮನೆಯಲ್ಲಿ ಬಿಯರ್ ತಯಾರಿಕೆ

ಮಾರಾಟದ ಉದ್ದೇಶವಿಲ್ಲದೆ, ಸ್ವಂತ ಬಳಕೆಗಾಗಿ, ಸಣ್ಣ ಪ್ರಮಾಣದಲ್ಲಿ ಬಿಯರನ್ನು ಮನೆಯಲ್ಲಿಯೇ ಹುದುಗಿಸಿ ಸಿದ್ಧಪಡಿಸುವುದನ್ನು ಮನೆಯಲ್ಲಿ ಬಿಯರ್ ತಯಾರಿಕೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ಹೋಮ್‌ಬ್ರೂಯಿಂಗ್. ಅಮೆರಿಕ ಸಂಯುಕ್ತ ಸಂಸ್ಥಾನ, ಬ್ರಿಟನ್, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಇದು ಕಾನೂನುಬದ್ಧ ಹವ್ಯಾಸವಾಗಿದೆ. ಜಪಾನಿನಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಮದ್ಯಸಾರವಿರುವ ಪಾನೀಯವನ್ನು ಪರವಾನಗಿಯಿಲ್ಲದೆ ತಯಾರಿಸುವುದು ಅಪರಾಧ. ಭಾರತದಲ್ಲಿ ಇದು ಆಯಾ ರಾಜ್ಯದ ಅಬಕಾರಿ ಕಾನೂನಿಗೆ ಒಳಪಟ್ಟಿದೆ. ಬಿಯರ್ ತಯಾರಿಕೆಯನ್ನು ಭಟ್ಟಿ ಇಳಿಸುವುದರೊಂದಿಗೆ ಹಲವರು ಬೆರೆಸಿ ಹೇಳುವುದುಂಟು. ಇವೆರಡೂ ಬೇರೆ ಬೇರೆ ಕ್ರಿಯೆಗಳು. ಮೊದಲನೆಯದು ಕೇವಲ ಹುದುಗಿಸುವಿಕೆ; ಎರಡನೆಯದು ಹುದುಗಿದ ದ್ರವವನ್ನು ಕಾಯಿಸಿ, ಅದರ ಆವಿಯನ್ನು ತಣಿಸಿ, ಮದ್ಯಸಾರವನ್ನು ಬೇರ್ಪಡಿಸುವಿಕೆ.

ಇತಿಹಾಸ

ಬಿಯರ್ ಕಾರ್ಖಾನೆಯ ವಸ್ತುವಾದದ್ದು ಇತ್ತೀಚಿನ ಮಾತು. ಅದಕ್ಕೆ ಮೊದಲು ಸಾವಿರಾರು ವರ್ಷಗಳ ಕಾಲ ಅದು ಅಡುಗೆಮನೆಯ ವಸ್ತುವೇ ಆಗಿತ್ತು. ಪ್ರಾಚೀನ ಸುಮೇರಿಯದಲ್ಲಿ ನಿನ್‌ಕಾಸಿ ಎಂಬ ದೇವತೆ ಬಿಯರಿನ ಅಧಿದೇವತೆ. ಅವಳ ಸ್ತುತಿಯೊಂದು ಕ್ರಿ.ಪೂ. 1800ರ ಸುಮಾರಿನ ಮಣ್ಣಿನ ಫಲಕಗಳಲ್ಲಿ ದೊರೆತಿದ್ದು, ತಯಾರಿಕೆಯ ಹಂತಗಳ ವರ್ಣನೆಯೂ ಅದರಲ್ಲಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ರೊಟ್ಟಿ ಸುಡುವಂತೆಯೇ ಏಲ್ ಕಾಸುವುದೂ ಹೆಂಗಸರ ಮನೆಗೆಲಸವಾಗಿತ್ತು. ಮಿಕ್ಕದ್ದನ್ನು ನೆರೆಹೊರೆಗೆ ಮಾರಿ ನಾಲ್ಕು ಕಾಸು ಗಳಿಸುವುದೂ ಇತ್ತು. ಬಿಯರ್ ತಯಾರಿಸುವ ಹೆಂಗಸಿಗೆ ಬ್ರೂಸ್ಟರ್ ಎಂಬ ಪ್ರತ್ಯೇಕ ಪದವೇ ಇಂಗ್ಲಿಷಿನಲ್ಲಿದ್ದು, ಇಂದು ಅದು ಮನೆತನದ ಹೆಸರಾಗಿ ಮಾತ್ರ ಉಳಿದಿದೆ. ಹಾಪ್ಸ್ ಬಳಕೆ ಹರಡಿ, ಬಿಯರ್ ಹೆಚ್ಚು ದಿನ ಕೆಡದೆ ಉಳಿಯುವಂತಾದ ಮೇಲೆ ದೊಡ್ಡ ಬಂಡವಾಳದ ಉದ್ಯಮಗಳು ಬೆಳೆದವು. ಆ ಕಸುಬು ಕ್ರಮೇಣ ಹೆಂಗಸರ ಕೈತಪ್ಪಿತು.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1757ರ ಟಿಪ್ಪಣಿ ಪುಸ್ತಕವೊಂದರಲ್ಲಿ ಕಡಿಮೆ ಸಾರದ ಬಿಯರ್ ತಯಾರಿಸುವ ವಿಧಾನವನ್ನು ಬರೆದಿಟ್ಟಿದ್ದನು. ಆ ಪುಸ್ತಕ ಈಗ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಥಾಮಸ್ ಜೆಫರ್ಸನ್‌ನ ಮಾಂಟಿಸೆಲೊ ಎಸ್ಟೇಟಿನಲ್ಲಿ ಮೊದಲು ಅವನ ಪತ್ನಿ ಮಾರ್ಥಾ ಬಿಯರ್ ತಯಾರಿಸುತ್ತಿದ್ದಳು. 1813ರ ಸುಮಾರಿಗೆ ಈ ಕೆಲಸ ಪೀಟರ್ ಹೆಮಿಂಗ್ಸ್‌ನ ಕೈಗೆ ಬಂತು. ಅವನು ಜೆಫರ್ಸನ್‌ನ ಗುಲಾಮ. ಜೋಸೆಫ್ ಮಿಲ್ಲರ್ ಎಂಬ ಇಂಗ್ಲಿಷ್ ಕಸುಬುದಾರನಿಂದ ಮಾಲ್ಟ್ ಮಾಡುವುದನ್ನೂ ಬಿಯರ್ ಕಾಸುವುದನ್ನೂ ಕಲಿತು ನಿಪುಣನಾದನು. ಮಾಂಟಿಸೆಲೊ ಬಿಯರಿನ ಖ್ಯಾತಿ ಬಹುಕಾಲ ಯಜಮಾನನ ಹೆಸರಿಗೇ ಸಂದಿತ್ತು. ಹೆಮಿಂಗ್ಸ್‌ನ ಹೆಸರು ಚರಿತ್ರೆಯ ಪುಟಗಳಲ್ಲಿ ಕಾಣಿಸಿಕೊಂಡದ್ದು ತೀರ ತಡವಾಗಿ.

ಕಾನೂನು ಮತ್ತು ನಿರ್ಬಂಧ

ಬ್ರಿಟನ್ನಿನಲ್ಲಿ 1697ರಿಂದ ಜಾರಿಯಲ್ಲಿದ್ದ ಮಾಲ್ಟ್ ತೆರಿಗೆಯನ್ನು ಪ್ರಧಾನಿ ಗ್ಲ್ಯಾಡ್‌ಸ್ಟನ್ 1880ರಲ್ಲಿ ರದ್ದುಪಡಿಸಿ, ಅದರ ಬದಲಿಗೆ ಬಿಯರಿನ ಮೇಲೆಯೇ ಸುಂಕ ಹೇರಿದನು. ಇದರಿಂದ ಮನೆಯಲ್ಲಿ ಬಿಯರ್ ಮಾಡುವವರೂ ಪರವಾನಗಿ ಪಡೆಯಬೇಕಾಯಿತು. ರೈತಾಪಿ ಕುಟುಂಬಗಳಲ್ಲಿ ಅಳಿದುಳಿದಿದ್ದ ಈ ರೂಢಿ ಮುಂದಿನ ದಶಕಗಳಲ್ಲಿ ಬಹುಮಟ್ಟಿಗೆ ಕಣ್ಮರೆಯಾಯಿತು. 1963ರ ಏಪ್ರಿಲಿನ ಆಯವ್ಯಯದಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಈ ಪರವಾನಗಿಯನ್ನು ತೆಗೆದುಹಾಕಿದರು. ಅದೇ ವರ್ಷ ಸಿ. ಜೆ. ಜೆ. ಬೆರಿ ಅವರ ಕೈಪಿಡಿಯೂ 1974ರಲ್ಲಿ ಡೇವ್ ಲೈನ್ ಅವರ 'ದಿ ಬಿಗ್ ಬುಕ್ ಆಫ್ ಬ್ರೂಯಿಂಗ್' ಕೃತಿಯೂ ಪ್ರಕಟವಾದವು. ಪರವಾನಗಿ ಹೋದರೂ ಮಾರಾಟದ ಮೇಲಿನ ನಿಷೇಧ ಹೋಗಲಿಲ್ಲ.

ಅಮೆರಿಕದ ಕಥೆ ಇನ್ನಷ್ಟು ವಿಚಿತ್ರವಾದುದು. 1920ರ ಜನವರಿಯಲ್ಲಿ ಪಾನನಿಷೇಧ ಜಾರಿಗೆ ಬಂದಾಗ ಬಿಯರ್ ಕಾರ್ಖಾನೆಗಳು ಮುಚ್ಚಿದವು, ಇಲ್ಲವೇ ಬೇರೆ ವಸ್ತುಗಳ ತಯಾರಿಕೆಗೆ ಹೊರಳಿದವು. ಅವುಗಳಲ್ಲಿ ಕೆಲವು ಮಾಲ್ಟಿನ ಪಾಕವನ್ನು ಡಬ್ಬಿಗಳಲ್ಲಿ ತುಂಬಿ ಮಾರತೊಡಗಿದವು. ಡಬ್ಬಿಯ ಮೇಲಿನ ಮಾತಿನಂತೆ ಅದು ರೊಟ್ಟಿ ಮಾಡುವುದಕ್ಕೆ. ಹಾಪ್ಸಿನ ಕಹಿ ಬೆರೆತ ಪಾಕದಿಂದ ಯಾರೂ ರೊಟ್ಟಿ ಮಾಡಲಾರರೆಂಬುದು ಮಾರುವವರಿಗೂ ಕೊಳ್ಳುವವರಿಗೂ ತಿಳಿದೇ ಇತ್ತು. 1933ರ ಡಿಸೆಂಬರ್ 5ರಂದು ಪಾನನಿಷೇಧ ಕೊನೆಗೊಂಡಿತು. ಆದರೆ ಆ ನಂತರದ ನಿಯಮಗಳಲ್ಲಿ ಮನೆಯಲ್ಲಿ ದ್ರಾಕ್ಷಾರಸ ತಯಾರಿಸುವುದಕ್ಕೆ ವಿನಾಯಿತಿ ದೊರೆತಿತೇ ಹೊರತು ಬಿಯರಿಗೆ ದೊರೆಯಲಿಲ್ಲ. ಹೀಗೆ, ಅಂಗಡಿಯಲ್ಲಿ ಮುಕ್ತವಾಗಿ ಕೊಳ್ಳಬಹುದಾದ ಪಾನೀಯವನ್ನು ಸ್ವಂತ ಅಡುಗೆಮನೆಯಲ್ಲಿ ತಯಾರಿಸುವುದು ಇನ್ನೂ 45 ವರ್ಷ ಅಪರಾಧವಾಗಿಯೇ ಉಳಿಯಿತು.

ಕಾನೂನಿದ್ದರೂ ಆಚರಣೆ ನಿಂತಿರಲಿಲ್ಲ. ಪೋರ್ಟ್‌ಲೆಂಡಿನ ಫ್ರೆಡ್ ಎಕ್‌ಹಾರ್ಟ್ 1970ರಲ್ಲಿ ಲಾಗರ್ ಬಿಯರ್ ಕುರಿತ ಕಿರುಹೊತ್ತಗೆಯನ್ನು ಹೊರತಂದರು. 1974ರಲ್ಲಿ ಲಾಸ್ ಏಂಜಲೀಸಿನಲ್ಲಿ ಮಾಲ್ಟೋಸ್ ಫಾಲ್ಕನ್ಸ್ ಎಂಬ ಸಂಘ ಹುಟ್ಟಿತು. ಕೊಲರಾಡೋದ ಬೋಲ್ಡರ್ ಪಟ್ಟಣದಲ್ಲಿ ಶಾಲಾ ಶಿಕ್ಷಕರಾಗಿದ್ದ ಚಾರ್ಲಿ ಪಪಾಜಿಯನ್ ಆಸಕ್ತರಿಗೆ ಪಾಠ ಹೇಳತೊಡಗಿದರು. ಕೊನೆಗೆ ಸೆನೆಟರ್ ಅಲನ್ ಕ್ರಾನ್‌ಸ್ಟನ್ ಸೂಚಿಸಿದ ತಿದ್ದುಪಡಿಯನ್ನೊಳಗೊಂಡ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದರು. 1979ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್ (ಸುಮಾರು 379 ಲೀಟರ್), ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದೆಂದು ಮಿತಿ ವಿಧಿಸಲಾಯಿತು. ರಾಜ್ಯಗಳಿಗೆ ತಮ್ಮದೇ ನಿಯಮ ಮಾಡುವ ಅಧಿಕಾರವಿದ್ದುದರಿಂದ ನಿರ್ಬಂಧ ಎಲ್ಲೆಡೆ ಒಮ್ಮೆಲೇ ಸಡಿಲಗೊಳ್ಳಲಿಲ್ಲ. ಕೊನೆಯದಾಗಿ ಉಳಿದಿದ್ದ ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳು ಒಪ್ಪಿಗೆ ನೀಡಿದ್ದು 2013ರಲ್ಲಿ.

ಈ ಬದಲಾವಣೆಯ ಪರಿಣಾಮ ಮನೆಯ ಹೊಸ್ತಿಲನ್ನು ದಾಟಿತು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿದ್ದ ಬಿಯರ್ ಕಾರ್ಖಾನೆಗಳ ಸಂಖ್ಯೆ ನೂರಕ್ಕೂ ಕಡಿಮೆ. ಇಂದು ಅದು 9,000ವನ್ನು ಮೀರಿದೆ. ಹೊಸ ಕಾರ್ಖಾನೆಗಳನ್ನು ಕಟ್ಟಿದವರಲ್ಲಿ ಬಹಳ ಮಂದಿ ಮನೆಯಲ್ಲಿ ಕಲಿತವರೇ. ಕ್ಯಾಲಿಫೋರ್ನಿಯದ ಚಿಕೋ ಪಟ್ಟಣದಲ್ಲಿ ಹವ್ಯಾಸಿಗಳಿಗೆ ಸಾಮಗ್ರಿ ಮಾರುವ ಅಂಗಡಿ ನಡೆಸುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯೆರಾ ನೆವಾಡ ಕಾರ್ಖಾನೆಯನ್ನು ಆರಂಭಿಸಿದರು. ಪಪಾಜಿಯನ್ 1978ರ ಡಿಸೆಂಬರಿನಲ್ಲಿ ಅಮೆರಿಕನ್ ಹೋಮ್‌ಬ್ರೂಯರ್ಸ್ ಅಸೋಸಿಯೇಷನ್ನನ್ನು ಚಾರ್ಲಿ ಮ್ಯಾಟ್ಸನ್ ಜೊತೆ ಸ್ಥಾಪಿಸಿದರು. ಅವರ 'ದಿ ಕಂಪ್ಲೀಟ್ ಜಾಯ್ ಆಫ್ ಹೋಮ್ ಬ್ರೂಯಿಂಗ್' (1984) ಈ ಕ್ಷೇತ್ರದ ಅತ್ಯಂತ ಪ್ರಸಿದ್ಧ ಪಠ್ಯ. 2011ರಲ್ಲಿ ಶ್ವೇತಭವನದ ಅಡುಗೆಮನೆಯಲ್ಲಿಯೇ ಜೇನುತುಪ್ಪ ಬೆರೆಸಿದ ಬಿಯರ್ ತಯಾರಾಯಿತು. ಜನರ ಕೋರಿಕೆಯ ಮೇರೆಗೆ ಅದರ ವಿಧಾನವನ್ನು 2012ರಲ್ಲಿ ಪ್ರಕಟಿಸಲಾಯಿತು.

ಮೂಲ ಪದಾರ್ಥಗಳು

ನೀರು, ಮಾಲ್ಟ್, ಹಾಪ್ಸ್ ಮತ್ತು ಯೀಸ್ಟ್ ಇವು ನಾಲ್ಕು ಮುಖ್ಯ ಪದಾರ್ಥಗಳು. ಮಾಲ್ಟ್ ಎಂದರೆ ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದ ಧಾನ್ಯ. ಸಾಮಾನ್ಯವಾಗಿ ಬಾರ್ಲಿ, ಅಂದರೆ ಜವೆಗೋಧಿ. ಕನ್ನಡ ನಾಡಿನ ಮನೆಗಳಲ್ಲಿ ಮಕ್ಕಳಿಗಾಗಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ ಮಾಡುವ ರಾಗಿ ಮಾಲ್ಟಿನ ತತ್ತ್ವವೂ ಇದೇ. ಮೊಳಕೆಯೊಡೆಯುವಾಗ ಧಾನ್ಯದಲ್ಲಿ ಅಮೈಲೇಸ್ ಎಂಬ ಕಿಣ್ವಗಳು ಹುಟ್ಟುತ್ತವೆ. ಇವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹಾಪ್ಸ್ ಒಂದು ಬಳ್ಳಿಯ ಹೂವು. ಕಹಿಯನ್ನೂ ಪರಿಮಳವನ್ನೂ ಕೊಡುವುದಲ್ಲದೆ ಕೆಲವು ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ. ಹಾಪ್ಸ್ ನಾಯಿಗಳಿಗೆ ವಿಷ; ತಿಂದರೆ ದೇಹದ ಉಷ್ಣತೆ ಮಿತಿಮೀರಿ ಏರಿ ಸಾಯಬಹುದು. ಆದ್ದರಿಂದ ಬಳಸಿದ ಹಾಪ್ಸನ್ನು ಹಿತ್ತಲಿಗೆ ಚೆಲ್ಲಬಾರದು.

ಯೀಸ್ಟ್ ಏಕಕೋಶೀಯ ಶಿಲೀಂಧ್ರ. ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುವ ಕೆಲಸ ಅದರದು. ಏಲ್ ಬಗೆಯ ಬಿಯರಿಗೆ ಸ್ಯಾಕರೋಮೈಸಿಸ್ ಸೆರೆವಿಸಿಯೆ ಎಂಬ ಪ್ರಭೇದವನ್ನು 18ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬಳಸುತ್ತಾರೆ. ಲಾಗರಿಗೆ ಬೇಕಾದ ಸ್ಯಾಕರೋಮೈಸಿಸ್ ಪಾಸ್ಟೋರಿಯಾನಸ್ 8ರಿಂದ 13 ಡಿಗ್ರಿಯ ತಂಪನ್ನು ಬಯಸುತ್ತದೆ. ಹೊಸಬರು ಏಲ್‌ನಿಂದ ಆರಂಭಿಸುವುದಕ್ಕೆ ಇದೇ ಕಾರಣ. 1876ರಲ್ಲಿ ಲೂಯಿ ಪಾಸ್ಚರ್ ಬಿಯರ್ ಕೆಡುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ವಿವರಿಸುವ ಗ್ರಂಥವನ್ನು ಪ್ರಕಟಿಸಿದನು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಶುದ್ಧ ಯೀಸ್ಟ್ ತಳಿಯನ್ನು ಬೇರ್ಪಡಿಸಿದನು.

ತಯಾರಿಕೆಯ ಕ್ರಮ

ಅಮೆರಿಕದ ಹವ್ಯಾಸಿಗಳ ವಾಡಿಕೆಯ ಅಳತೆ ಒಂದು ಬಾರಿಗೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಬ್ರಿಟಿಷ್ ಗ್ಯಾಲನ್ ದೊಡ್ಡದಾದ್ದರಿಂದ ಅಲ್ಲಿ ಅದೇ 5 ಗ್ಯಾಲನ್ ಸುಮಾರು 23 ಲೀಟರ್ ಆಗುತ್ತದೆ. ಇನ್ನೊಂದು ದೇಶದ ಪುಸ್ತಕ ನೋಡಿ ಅಳೆಯುವವರು ಇಲ್ಲಿ ಎಡವುವುದುಂಟು.

19 ಲೀಟರ್ ಬಿಯರಿಗೆ ಸುಮಾರು 4ರಿಂದ 4.5 ಕಿಲೋಗ್ರಾಂ ಮಾಲ್ಟ್ ಬೇಕು. ಅದನ್ನು ತರಿತರಿಯಾಗಿ ಒಡೆದು, 65ರಿಂದ 68 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಡುತ್ತಾರೆ. ಉಷ್ಣತೆ ಕೊಂಚ ಕಡಿಮೆಯಿದ್ದರೆ ಯೀಸ್ಟ್ ಪೂರ್ತಿ ಬಳಸಬಲ್ಲ ಸಕ್ಕರೆ ಹೆಚ್ಚಿ ಬಿಯರ್ ತೆಳುವಾಗುತ್ತದೆ. ಕೊಂಚ ಹೆಚ್ಚಿದ್ದರೆ ಸಿಹಿಯೂ ಮಂದವೂ ಆಗುತ್ತದೆ. ಬಹಳ ಹೆಚ್ಚಾದರೆ ಕಿಣ್ವಗಳೇ ನಾಶವಾಗುತ್ತವೆ. ಹೀಗೆ ಸೋಸಿ ತೆಗೆದ ಸಿಹಿನೀರಿಗೆ ವರ್ಟ್ ಎಂದು ಹೆಸರು. ಈ ಹಂತವನ್ನು ಬಿಟ್ಟು, ಡಬ್ಬಿಯಲ್ಲಿ ಸಿಗುವ ಮಾಲ್ಟಿನ ಪಾಕವನ್ನೇ ನೀರಿನಲ್ಲಿ ಕದಡಿ ಮುಂದುವರಿಯುವುದೂ ಉಂಟು. ವರ್ಟನ್ನು ಸುಮಾರು ಒಂದು ಗಂಟೆ ಕುದಿಸುತ್ತಾರೆ. ಮೊದಲೇ ಹಾಕಿದ ಹಾಪ್ಸ್ ಕಹಿಯನ್ನು ಬಿಡುತ್ತದೆ, ಕೊನೆಯಲ್ಲಿ ಹಾಕಿದ್ದು ಪರಿಮಳವನ್ನು ಉಳಿಸುತ್ತದೆ. ಬಳಿಕ ಬೇಗನೆ ತಣಿಸಿ ಯೀಸ್ಟ್ ಸೇರಿಸುತ್ತಾರೆ.

ಕುದಿಸುವುದು ನಿಂತ ಗಳಿಗೆಯಿಂದ ಶುಚಿತ್ವವೇ ಮುಖ್ಯ. ವರ್ಟ್ ಯೀಸ್ಟಿಗೆ ಎಷ್ಟು ಹಿತವೋ ಹುಳಿ ಹಿಡಿಸುವ ಬ್ಯಾಕ್ಟೀರಿಯಗಳಿಗೂ ಅಷ್ಟೇ ಹಿತ. ಪಾತ್ರೆ, ಕೊಳವೆ, ಸೌಟು, ಮುಚ್ಚಳ ಎಲ್ಲವನ್ನೂ ಮೊದಲು ತೊಳೆದು, ಅನಂತರ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಬೇಕು. ಕೊಳೆಯ ಮೇಲೆ ಕ್ರಿಮಿನಾಶಕ ಕೆಲಸ ಮಾಡದು. ಹವ್ಯಾಸಿಗಳ ಸೋಲುಗಳಲ್ಲಿ ಹೆಚ್ಚಿನವು ವಿಧಾನದ ತಪ್ಪಿನಿಂದಲ್ಲ, ಸರಿಯಾಗಿ ತೊಳೆಯದ ಕೊಳವೆಯಿಂದ ಬಂದವು.

ಹುದುಗುವ ಪಾತ್ರೆಗೆ ಏರ್‌ಲಾಕ್ ಎಂಬ ನೀರಿನ ತಡೆಯನ್ನು ಜೋಡಿಸುತ್ತಾರೆ. ಒಳಗಿನ ಅನಿಲ ಗುಳ್ಳೆಯಾಗಿ ಹೊರಹೋಗುತ್ತದೆ, ಹೊರಗಿನ ಗಾಳಿ ಒಳಬರುವುದಿಲ್ಲ. ಒಂದೆರಡು ವಾರಗಳಲ್ಲಿ ಹುದುಗುವಿಕೆ ಮುಗಿಯುತ್ತದೆ. ಗುಳ್ಳೆ ನಿಂತಿತೆಂದು ಕ್ರಿಯೆ ಮುಗಿಯಿತೆಂದು ತಿಳಿಯಬಾರದು. ಹೈಡ್ರೋಮೀಟರಿನಿಂದ ಸಾಂದ್ರತೆಯನ್ನು ಅಳೆದು, ಕೆಲವು ದಿನಗಳ ಅಂತರದಲ್ಲಿ ಒಂದೇ ಅಂಕಿ ಬಂದರೆ ಮುಗಿದಂತೆ. ಮೊದಲಿನ ಮತ್ತು ಕೊನೆಯ ಸಾಪೇಕ್ಷ ಸಾಂದ್ರತೆಗಳ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾವಾರು ಪ್ರಮಾಣ ಸ್ಥೂಲವಾಗಿ ದೊರೆಯುತ್ತದೆ. ಉದಾಹರಣೆಗೆ, 1.050ರಿಂದ 1.010ಕ್ಕೆ ಇಳಿದಿದ್ದರೆ ವ್ಯತ್ಯಾಸ 0.040, ಮದ್ಯಸಾರ ಶೇಕಡಾ 5.25.

ಸೀಸೆಗೆ ತುಂಬುವಾಗ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸಿದರೆ, ಉಳಿದ ಯೀಸ್ಟ್ ಅದನ್ನು ಹುದುಗಿಸಿ ನೊರೆಗೆ ಬೇಕಾದ ಅನಿಲವನ್ನು ಉಂಟುಮಾಡುತ್ತದೆ. ಎರಡು ಮೂರು ವಾರಗಳ ಬಳಿಕ ಕುಡಿಯಲು ಸಿದ್ಧ.

ಅಪಾಯಗಳು

ಅತ್ಯಂತ ನಿಜವಾದ ಅಪಾಯ ಸೀಸೆ ಸಿಡಿಯುವುದು. ಹುದುಗುವಿಕೆ ಮುಗಿಯುವ ಮೊದಲೇ ತುಂಬಿದರೆ, ಇಲ್ಲವೇ ಸಕ್ಕರೆ ಹೆಚ್ಚಾದರೆ, ಒತ್ತಡ ಏರಿ ಗಾಜು ಚೂರುಚೂರಾಗುತ್ತದೆ. ತೆಳು ಗಾಜಿನ ಸೀಸೆ, ಒತ್ತಡ ತಡೆಯದ ಜಾಡಿ ಇವು ಯೋಗ್ಯವಲ್ಲ. ಕುದಿಯುವ ಹತ್ತಿಪ್ಪತ್ತು ಲೀಟರ್ ದ್ರವವನ್ನು ಎತ್ತಿಳಿಸುವಾಗಿನ ಸುಟ್ಟಗಾಯಗಳೂ ಉಂಟು. ಕಿಟಕಿಯಿಲ್ಲದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಸಂಗ್ರಹವಾಗುವುದೂ ಅಪಾಯಕಾರಿ.

ಮನೆಯ ಬಿಯರ್ ಕುಡಿದರೆ ಕಣ್ಣು ಹೋಗುತ್ತದೆ ಎಂಬ ಭಯ ವ್ಯಾಪಕವಾಗಿದೆ. ಧಾನ್ಯವನ್ನು ಹುದುಗಿಸಿದಾಗ ಮೆಥನಾಲ್ ಅತ್ಯಲ್ಪವಾಗಿ ಮಾತ್ರ ಉಂಟಾಗುತ್ತದೆ. ಅದು ಹಾನಿಕಾರಕ ಮಟ್ಟಕ್ಕೆ ಏರುವುದಿಲ್ಲ. ಈ ಭಯಕ್ಕೆ ಆಧಾರ ಬೇರೆಡೆ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಬಡಜನರ ಪ್ರಾಣ ತೆಗೆದ ಕಳ್ಳಬಟ್ಟಿ ದುರಂತದಲ್ಲಿ ಸಾವಿಗೆ ಕಾರಣವಾದದ್ದು ಬೆರೆಸಿದ್ದ ಮಿಥೈಲ್ ಆಲ್ಕೊಹಾಲ್, ಹುದುಗಿಸುವಿಕೆ ಅಲ್ಲ. ಮದ್ಯಸಾರದಿಂದ ಆರೋಗ್ಯಕ್ಕಾಗುವ ಹಾನಿ, ಚಟ ಇವು ಅಂಗಡಿಯ ಬಿಯರಿಗೂ ಮನೆಯ ಬಿಯರಿಗೂ ಸಮಾನ.

ಸ್ಪರ್ಧೆಗಳು

1979ರಿಂದ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುತ್ತಿದೆ. ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಅರ್ಹತೆ ನೀಡುವ ಸಂಸ್ಥೆ 1985ರಲ್ಲಿ ಆರಂಭವಾಯಿತು. ಅದರ ಪದ್ಧತಿಯಂತೆ ಪರಿಮಳ, ನೋಟ, ರುಚಿ ಮೊದಲಾದವುಗಳಿಗೆ ಒಟ್ಟು 50 ಅಂಕ.

ಭಾರತದಲ್ಲಿ

ಸಂವಿಧಾನದ ಏಳನೆಯ ಅನುಸೂಚಿಯಂತೆ ಮದ್ಯದ ತಯಾರಿಕೆ ಮತ್ತು ಮಾರಾಟ ರಾಜ್ಯಗಳ ವಿಷಯ. 47ನೆಯ ವಿಧಿ ಪಾನನಿಷೇಧವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ 1965ರ ಅಬಕಾರಿ ಅಧಿನಿಯಮದಂತೆ ಪರವಾನಗಿಯಿಲ್ಲದೆ ಮಾದಕ ಪಾನೀಯ ತಯಾರಿಸುವುದು ಅಪರಾಧ. 2010ರ ದಶಕದಲ್ಲಿ ಬೆಂಗಳೂರಿನಲ್ಲಿ ಹೆಚ್ಚಿದ ಮೈಕ್ರೋಬ್ರೂವರಿಗಳು ಪರವಾನಗಿ ಪಡೆದ ವಾಣಿಜ್ಯ ಘಟಕಗಳಾದ್ದರಿಂದ ಮನೆಯ ತಯಾರಿಕೆಯ ವ್ಯಾಪ್ತಿಗೆ ಬರುವುದಿಲ್ಲ.

ಆದರೂ ಧಾನ್ಯವನ್ನು ಮನೆಯಲ್ಲಿ ಹುದುಗಿಸುವ ಸಂಪ್ರದಾಯ ಭಾರತಕ್ಕೆ ಹೊಸದಲ್ಲ. ಜಾರ್ಖಂಡ್, ಒಡಿಶಾ ಭಾಗದ ಆದಿವಾಸಿಗಳ ಹಂಡಿಯಾ, ಅರುಣಾಚಲ ಮತ್ತು ಅಸ್ಸಾಮಿನ ಅಪೋಂಗ್ ಇವು ಅಕ್ಕಿಯ ಪಾನೀಯಗಳು. ಹಬ್ಬ, ಮದುವೆ, ಪೂರ್ವಜರ ಪೂಜೆಗಳಲ್ಲಿ ಇವಕ್ಕೆ ಸ್ಥಾನವಿದ್ದು, ತಯಾರಿಕೆ ಬಹುಮಟ್ಟಿಗೆ ಹೆಂಗಸರದೇ. ಅಸ್ಸಾಮಿನ ದಿಮಾಸಾ ಸಮುದಾಯದ ಜೂಡಿಮಾ 2021ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ಸಿಕ್ಕಿಂ ಮತ್ತು ಡಾರ್ಜಿಲಿಂಗ್ ಪ್ರದೇಶದ ತೋಂಗ್ಬಾ ರಾಗಿಯಿಂದ ಆದದ್ದು. ಹುದುಗಿದ ಇಡಿ ಕಾಳುಗಳನ್ನು ಮರದ ಇಲ್ಲವೇ ಬಿದಿರಿನ ಪಾತ್ರೆಯಲ್ಲಿ ತುಂಬಿ, ಮೇಲೆ ಬಿಸಿನೀರು ಸುರಿದು, ತುದಿಯಲ್ಲಿ ಸೋಸುವ ಸೀಳುಗಳಿರುವ ಕೊಳವೆಯಿಂದ ಹೀರುತ್ತಾರೆ. ನೀರು ಮುಗಿದಂತೆ ಮತ್ತೆ ಸುರಿಯುತ್ತಾರೆ. ಸಾರ ಕುಂದುವವರೆಗೂ ಅದೇ ಕಾಳುಗಳು ನಡೆಯುತ್ತವೆ.