ಕಟ್ಟುವ ದಾನ, ಕಾಯುವ ದಾನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಎರಡನ್ನೂ ನಾನು ಮಾಡಿ ನೋಡಿದ್ದೇನೆ. ಆದರೆ ಊರವರು ಸೇರಿ ಕಟ್ಟಿದ ಕಟ್ಟಡವೊಂದನ್ನು ಊರವರಿಂದಲೇ ಹಣ ಕೂಡಿಸಿ ದುರಸ್ತಿ ಮಾಡಿಸುವುದು ಇವೆರಡಕ್ಕಿಂತಲೂ ಕಠಿಣವೆಂಬುದು ನಿವೃತ್ತನಾದ ಮೇಲಷ್ಟೇ ನನ್ನ ಅನುಭವಕ್ಕೆ ಬಂದಿತು.

ಲಿಂಗಸುಗೂರು ತಾಲೂಕಿನ ನಮ್ಮೂರಿನಲ್ಲಿ ಒಂದು ಸಮುದಾಯ ಭವನವಿದೆ. ಬೆಳಿಗ್ಗೆ ಅಲ್ಲಿ ಅಂಗನವಾಡಿ. ಹತ್ತಿ ಬಿಡಿಸಲು, ತೊಗರಿ ಕೊಯ್ಯಲು ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ತಾಣ. ಸಂಜೆ ಅದೇ ಅಂಗಳದಲ್ಲಿ ಹುಡುಗರ ವಾಲಿಬಾಲು, ಒಳಗೆ ಕೇರಂ, ರಾತ್ರಿ ಹಿರಿಯರ ಭಜನೆ. 1990ರ ದಶಕದ ಆರಂಭದಲ್ಲಿ ಅದನ್ನು ಕಟ್ಟಿದಾಗ ನಾನು ಯುವಕ, ಸಮಿತಿಯ ಖಜಾಂಚಿ. ಕಟ್ಟಡ ಮುಗಿದ ಮೇಲೆ ಸ್ವಲ್ಪ ಹಣ ಉಳಿಯಿತು. ಅದನ್ನು ಬ್ಯಾಂಕಿನಲ್ಲಿಟ್ಟು, ಬಡ್ಡಿಯಿಂದ ಸುಣ್ಣ-ಬಣ್ಣ, ರಿಪೇರಿ ನೋಡಿಕೊಳ್ಳೋಣವೆಂದು ಹಿರಿಯರೊಬ್ಬರು ಹೇಳಿದರು. ಉದ್ಘಾಟನೆಯನ್ನು ವಿಜೃಂಭಣೆಯಿಂದ ಮಾಡಿ, ದಾನಿಗಳ ಹೆಸರಿನ ಕಲ್ಲು ನೆಡಿಸೋಣವೆಂದು ಉಳಿದವರು ಹೇಳಿದರು. ನಾನು ಉಳಿದವರ ಕಡೆ ಕೈಯೆತ್ತಿದೆ. ಆ ಕಲ್ಲಿನ ಐದನೆಯ ಸಾಲಿನಲ್ಲಿ ನನ್ನ ಹೆಸರು ಇಂದಿಗೂ ಇದೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಆ ಭವನದ ಛಾವಣಿಯ ಗಾರೆ, ಮಕ್ಕಳು ಮಲಗುವ ಮೂಲೆಯಲ್ಲಿ, ಚಾಪೆಯಗಲದಷ್ಟು ಕಳಚಿ ಬಿದ್ದಿತು. ಅಂದು ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಮರುದಿನ ನೋಡಲು ಹೋದ ನನಗೆ, ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಅಜ್ಜಿಯೊಬ್ಬಳು, “ಕಟ್ಟಾಗ ಎಲ್ಲಾರೂ ಬಂದ್ರಿ ಮಾಸ್ತರ್ರ, ಸೋರಾಗ ಒಬ್ಬರೂ ಬರಲಿಲ್ಲಲ್ರಿ” ಎಂದಳು. ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.

ಮತ್ತೆ ಪಟ್ಟಿ ಹಿಡಿದು ಮನೆಮನೆಗೆ ಹೊರಟೆವು. ಹೊಸ ಭವನವಾದರೆ ಕೊಡುತ್ತೇವೆ, ಹಳೆಯದಕ್ಕೆ ತೇಪೆ ಹಾಕಲು ಏಕೆ ಎಂದು ಹಲವರು ಕೇಳಿದರು. ಹೆಸರು ಎಲ್ಲಿ ಬರೆಸುತ್ತೀರಿ ಎಂದು ಕೆಲವರು ಕೇಳಿದರು. ಕೋಪಿಸಿಕೊಳ್ಳುವ ಹಕ್ಕು ನನಗಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ನಾನೂ ಹಾಗೆಯೇ ಯೋಚಿಸಿದವನು. ಆದರೆ ಇತಿಹಾಸ ಬೋಧಿಸಿದ ಮೇಷ್ಟ್ರಾದ ನನಗೆ, ನಮ್ಮ ನಾಡಿನವರು ಮೊದಲಿನಿಂದಲೂ ಹೀಗೆಯೇ ಇದ್ದರೇ ಎಂಬ ಪ್ರಶ್ನೆ ಮನಸ್ಸನ್ನು ಕೊರೆಯತೊಡಗಿತು.

ನಮ್ಮ ಭಾಗದಲ್ಲಿ ಕಲ್ಲಿನ ಬರಹಕ್ಕೆ ಬರವಿಲ್ಲ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಪತ್ತೆಹಚ್ಚಿದ್ದನ್ನು ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅಶೋಕನಾದ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಕನ್ನಡ ದಾನಶಾಸನಗಳು ನಾಡಿನ ತುಂಬ ಹುಟ್ಟಿದವು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದಪುಂಜವಿದೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದು, ಬಿರುಕು ಬಿಟ್ಟದ್ದು, ಹಳೆಯದಾದದ್ದು, ಇವುಗಳನ್ನು ಸರಿಪಡಿಸುವುದು ಎಂದು ಅರ್ಥ. ದೇವಾಲಯಕ್ಕೋ ಬಸದಿಗೋ ಭೂಮಿ ಬಿಡುವಾಗ, ಪೂಜೆಗೆ, ಅನ್ನದಾನಕ್ಕೆ ಎಂದು ಹೇಳುವಂತೆಯೇ, ಮುಂದೆ ಬರಲಿರುವ ಬಿರುಕಿಗೂ ಆ ಭೂಮಿಯ ಉತ್ಪನ್ನದಲ್ಲಿ ಪಾಲುಂಟೆಂದು ಆಗಲೇ ಕೊರೆಸಿಡುತ್ತಿದ್ದರು. ಕಟ್ಟಡ ಹೊಸದಾಗಿರುವಾಗಲೇ ಅದು ಹಳತಾಗುತ್ತದೆಂದು ಒಪ್ಪಿಕೊಂಡ ವಿವೇಕ ಅದು.

ಕೆರೆಗಳ ವಿಷಯದಲ್ಲೂ ಹೀಗೆಯೇ. ಕೆರೆಯ ಪಾಲನೆಗೆಂದು ‘ಬಿತ್ತುವಟ್ಟ’ ಎಂಬ ಪ್ರತ್ಯೇಕ ಏರ್ಪಾಡಿತ್ತು. ಹೂಳೆತ್ತುವ ಬಂಡಿಗೆಂದೇ ಜಮೀನು ಬಿಟ್ಟ ಉದಾಹರಣೆಗಳಿವೆ. ಇನ್ನು ಹಣ ಕೂಡಿಸುವ ಬಗೆ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘದವರು ಸರಕಿನ ಹೇರಿಗೆ ಇಷ್ಟು, ಗಾಣಿಗರು ಗಾಣಕ್ಕೆ ಇಷ್ಟು ಎಣ್ಣೆ ಎಂದು ಗೊತ್ತುಮಾಡಿಕೊಂಡು ಕೊಡುತ್ತಿದ್ದರು. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಚಂದಾ ಅದಲ್ಲ. ವ್ಯಾಪಾರ ನಡೆಯುವವರೆಗೂ ನಡೆಯುವ ಸಣ್ಣ ಸಲ್ಲಿಕೆ. ದಾನ ಮಾಡುವುದು, ಹಿಂದಿನವರ ದಾನವನ್ನು ಕಾಪಾಡುವುದು, ಈ ಎರಡರಲ್ಲಿ ಕಾಪಾಡುವುದೇ ಮಿಗಿಲು ಎಂಬ ಆಶಯದ ಶ್ಲೋಕವನ್ನು ಅನೇಕ ಶಾಸನಗಳ ಕೊನೆಯಲ್ಲಿ ಕಾಣುತ್ತೇವೆ.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಆ ದಾನಗಳಿಂದ ನಿಂತ ಎಷ್ಟೋ ಕಟ್ಟಡಗಳೊಳಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ನಮ್ಮ ಭವನದಲ್ಲಿ ಎಲ್ಲ ಓಣಿಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಹಾಗಿರುವುದರಿಂದಲೇ ಅದನ್ನು ಕಾಯುವ ಹೊಣೆ ಇನ್ನೂ ದೊಡ್ಡದು.

ಮಕ್ಕಳ ಪಾಲನೆಯ ಇಂತಹ ಕೇಂದ್ರಗಳ ಚರಿತ್ರೆ ಬಹಳ ಹಳೆಯದಲ್ಲ. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರ ತೆರೆದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಅವರೂ ಅನುತಾಯಿ ವಾಘ್ ಅವರೂ ನಡೆಸಿದ ಪ್ರಯೋಗದಿಂದ ‘ಅಂಗನವಾಡಿ’ ಎಂಬ ಮಾತು ಬಳಕೆಗೆ ಬಂದಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದಾಗ ಸರ್ಕಾರದ ಹಣದೊಡನೆ ಜನರ ವಂತಿಗೆ, ಶ್ರಮದಾನ ಸೇರಬೇಕೆಂಬ ತತ್ತ್ವ ಅದರಲ್ಲಿತ್ತು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಹಳ್ಳಿಗಳಲ್ಲಿ ಬಾಲವಾಡಿಗಳಿಗೆ ನೆರವಾಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ಕ್ರಮೇಣ ಯೋಜನೆ ನಮ್ಮ ಭಾಗಕ್ಕೂ ಬಂದಿತು.

ಕಟ್ಟಡಗಳೂ ಬಂದವು. ಆದರೆ ಕಟ್ಟುವುದಕ್ಕೆ ಸಿಕ್ಕಷ್ಟು ಸುಲಭವಾಗಿ ಕಾಯುವುದಕ್ಕೆ ಹಣ ಸಿಗಲಿಲ್ಲ. 1993ರ ಡಿಸೆಂಬರ್‌ನಲ್ಲಿ ಪ್ರಾರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯ ಮಾರ್ಗಸೂಚಿಗಳು ಬಾಳಿಕೆ ಬರುವ ಆಸ್ತಿಗಳ ನಿರ್ಮಾಣಕ್ಕೆ ಒತ್ತುಕೊಟ್ಟು, ನಿರ್ವಹಣೆ ಮತ್ತು ದುರಸ್ತಿಯನ್ನು ಬಹುಕಾಲ ನಿಷಿದ್ಧ ಕಾಮಗಾರಿಗಳ ಸಾಲಿಗೆ ಸೇರಿಸಿದ್ದವು. ಮುಂದೆ ಉದ್ಯೋಗ ಖಾತರಿಯೊಡನೆ ಜೋಡಿಸಿ ಒಂದು ಹೊಸ ಅಂಗನವಾಡಿ ಕಟ್ಟಡಕ್ಕೆ 12 ಲಕ್ಷ ರೂಪಾಯಿ ಗೊತ್ತುಪಡಿಸಿದರು. ಅದರಲ್ಲಿ 8 ಲಕ್ಷ ಉದ್ಯೋಗ ಖಾತರಿಯದು. ಒಳ್ಳೆಯ ಕೆಲಸವೇ. ಆದರೆ ಹೊಸದನ್ನು ಕಟ್ಟಿದ ದಿನದಿಂದಲೇ ಅದು ಹಳತಾಗತೊಡಗುತ್ತದೆ ಎಂಬುದನ್ನು ಯಾರು ಲೆಕ್ಕ ಹಿಡಿಯುತ್ತಾರೆ?

ನಮ್ಮ ಮರೆವಿಗೆ ಇನ್ನೊಂದು ಕಾರಣವೂ ಇದೆಯೆಂದು ನನಗೆ ತೋರುತ್ತದೆ. ನಾನು ಹುಟ್ಟಿ ಬೆಳೆದದ್ದು ಮೇಲ್ಮುದ್ದೆಯ ಮಣ್ಣಿನ ಮನೆಯಲ್ಲಿ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಅಪ್ಪ ಬಂಡಿಯಲ್ಲಿ ಸವುಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡಿಸುತ್ತಿದ್ದರು. ಆ ವರ್ಷ ಬರವಿರಲಿ, ಮದುವೆಯಿರಲಿ, ಆ ಕೆಲಸ ತಪ್ಪುತ್ತಿರಲಿಲ್ಲ. ತಪ್ಪಿದರೆ ಮೊದಲ ಮಳೆಗೇ ಹಾಸಿಗೆ ತೊಯ್ಯುತ್ತಿತ್ತು. ಸಿಮೆಂಟಿನ ಛಾವಣಿ ಬಂದಾಗ, ಇನ್ನು ಆ ಕಾಟವಿಲ್ಲವೆಂದು ನಾವೆಲ್ಲ ನಂಬಿದೆವು. ನೀರು ಬಿರುಕಿನೊಳಗಿಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಗಾರೆಯನ್ನು ಕೆಳಗೆ ತಳ್ಳುತ್ತದೆ ಎಂಬುದನ್ನು ನಮ್ಮೂರ ಗೌಂಡಿ ನನಗೆ ವಿವರಿಸಿದ್ದು ಗಾರೆ ಬಿದ್ದ ಮೇಲೆ. ಮಣ್ಣಿನ ಮಾಳಿಗೆ ಪ್ರತಿ ವರ್ಷ ಎಚ್ಚರಿಸುತ್ತಿತ್ತು. ಸಿಮೆಂಟು ಮೂವತ್ತು ವರ್ಷ ಸುಮ್ಮನಿದ್ದು ಒಮ್ಮೆಲೇ ಹೇಳಿತು.

ಓದುಗ ಮಿತ್ರರೇ, ನಮ್ಮ ಭವನದ ಕೆಲಸ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಹಣ ಕೇಳುವ ರೀತಿಯನ್ನು ಬದಲಾಯಿಸಿದೆವು. ರಾಶಿಯ ಕಾಲದಲ್ಲಿ ರೈತರಿಂದ ಜೋಳ, ಸಜ್ಜೆ, ತೊಗರಿ ಏನಾದರೂ ಸರಿ, ಅಳತೆಗೆ ತಕ್ಕಷ್ಟು ಕೇಳಿದೆವು. ಅಂಗಡಿಯವರಿಂದ ತಿಂಗಳಿಗಿಷ್ಟು ಎಂದು ಕೇಳಿದೆವು. ಹಣವಿಲ್ಲದವರು ಉಸುಕು ಹೊತ್ತರು. ಪಟ್ಟಿಗೆ ಮೊದಲ ಹೆಸರು ನನ್ನದೇ ಇರಲೆಂದು ಒಂದು ತಿಂಗಳ ಪಿಂಚಣಿ ಕೊಟ್ಟೆ. ಅದು ದಾನವಲ್ಲ, ಹಳೆಯ ಬಾಕಿ. ಛಾವಣಿ ಮುಗಿಯಲು ಎರಡು ಬೇಸಿಗೆ ಬೇಕಾಯಿತು. ಆ ಮಧ್ಯದ ಮಳೆಗಾಲದಲ್ಲಿ ಮಕ್ಕಳು ಶಾಲೆಯ ವರಾಂಡದಲ್ಲಿ ಕುಳಿತರು. ಹೊಸ ಕಲ್ಲು ನೆಡಲಿಲ್ಲ. ಕೂಡಿದ ಹಣದಲ್ಲಿ ಒಂದು ಪಾಲನ್ನು ಮುಟ್ಟದೆ ಬ್ಯಾಂಕಿನಲ್ಲಿಟ್ಟಿದ್ದೇವೆ. ಮದುವೆ, ಮುಂಜಿಗಳಿಗೆ ಭವನ ಪಡೆದವರು ಕೊಡುವ ಬಾಡಿಗೆಯೂ ಅದಕ್ಕೇ ಸೇರುತ್ತದೆ. ಯುಗಾದಿಯ ದಿನ ಅದರ ಲೆಕ್ಕವನ್ನು ಅಂಗಳದಲ್ಲಿ ಎಲ್ಲರ ಮುಂದೆ ಓದುತ್ತೇವೆ.

ಆ ಮೊತ್ತ ಇನ್ನೂ ಚಿಕ್ಕದು. ಮುಂದಿನ ಮೂವತ್ತು ವರ್ಷಗಳ ಬಿರುಕಿಗೆ ಅದು ಸಾಲದೆಂದು ನನಗೆ ಗೊತ್ತು. ನಿಮ್ಮೂರಿನಲ್ಲಿಯೂ ಇಂತಹ ಭವನವಿದ್ದರೆ, ಈ ಬೇಸಿಗೆಯಲ್ಲಿ ಒಮ್ಮೆ ಅದರ ಮಾಳಿಗೆ ಹತ್ತಿ ನೋಡಿರಿ. ನಾನಂತೂ ಏಣಿ ಹತ್ತುವ ಶಕ್ತಿಯಿರುವವರೆಗೆ ಪ್ರತಿ ಮುಂಗಾರಿಗೆ ಮುನ್ನ ಹತ್ತುತ್ತೇನೆ.