ಗುಂಪಿನ ಗುರುತು ಮತ್ತು ಕ್ಷಮೆ

ತಪ್ಪಿತಸ್ಥರು ತಮ್ಮವರೋ ಹೊರಗಿನವರೋ ಎಂಬುದಕ್ಕೆ ತಕ್ಕಂತೆ ಕ್ಷಮಿಸುವ ಒಲವು ಬದಲಾಗುವುದನ್ನು ಕುರಿತ ಸಾಮಾಜಿಕ ಮನೋವಿಜ್ಞಾನದ ವಿಷಯ. ಹೆನ್ರಿ ತಾಜ್‌ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ ಮಂಡಿಸಿದ ಸಾಮಾಜಿಕ ಅಸ್ಮಿತೆಯ ಸಿದ್ಧಾಂತ ಇದರ ತಳಹದಿ. ಗುಂಪಿನ ಮಾನ ಸ್ವಾಭಿಮಾನದ ಭಾಗವಾದ್ದರಿಂದ ಸ್ವಜನರ ತಪ್ಪಿಗೆ ಸಂದರ್ಭವನ್ನೂ ಪರರ ತಪ್ಪಿಗೆ ಸ್ವಭಾವವನ್ನೂ ಕಾರಣವಾಗಿ ಕಾಣುವ ಪ್ರವೃತ್ತಿಯಿದೆ. ಆದರೆ ಈ ರಿಯಾಯಿತಿ ಸದಾ ಸಿಗದು. ಗುಂಪಿಗೆ ಕಳಂಕ ತರುವ ಸದಸ್ಯನನ್ನು ಅಂಥದೇ ನಡತೆಯ ಹೊರಗಿನವನಿಗಿಂತ ಕಠಿಣವಾಗಿ ಅಳೆಯುವುದೂ ಉಂಟೆಂದು ಜೋಸೆ ಮಾರ್ಕೆಸ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಮೈಕಲ್ ವೋಲ್ ಮತ್ತು ನೈಲಾ ಬ್ರಾನ್ಸ್‌ಕೋಂಬ್ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಾಜಿ ಹತ್ಯಾಕಾಂಡವನ್ನು ಮನುಷ್ಯರು ಮನುಷ್ಯರ ಮೇಲೆಸಗಿದ ಕ್ರೌರ್ಯವೆಂದು ವಿವರಿಸಿದಾಗ ಯಹೂದಿಯರು ಇಂದಿನ ಜರ್ಮನರನ್ನು ಕ್ಷಮಿಸಲು ಹೆಚ್ಚು ಸಿದ್ಧರಾದರು. ‘ನಾವು’ ಎಂಬುದರ ವ್ಯಾಪ್ತಿ ಹಿಗ್ಗಿದರೆ ಕ್ಷಮೆ ಸುಲಭವಾಗುತ್ತದೆ; ಆದರೆ ಅದು ನ್ಯಾಯಕ್ಕೆ ಬದಲಿಯಲ್ಲ.